ಎಳೆದು ನೋಡುವ ದಿನ

ಹೊಟ್ಟು ಅಂಟಿದೆ, ಬರ್ಫದ ಮೈಗೆ ಕಟ್ಟಿಗೆಯ ಹೊಟ್ಟು, ಫ್ಯಾಕ್ಟರಿಯ ಜಕ್ಕಪ್ಪ ಗೋಣಿತಟ್ಟಿನಿಂದ ಒರೆಸಿದರೂ ನಾಲ್ಕು ಎಳೆ ಉಳಿದಿವೆ, ಕಿತ್ತು ತೆಗೆಯಲು ಹೋದರೆ ಬೆರಳೇ ಅಂಟಿಕೊಳ್ಳುತ್ತದೆ, ಹೊರಗೆ ಏಪ್ರಿಲ್ಲಿನ ಜಮಖಂಡಿ, ಹನ್ನೊಂದಕ್ಕೇ ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿಯುತ್ತಿತ್ತು, ಒಳಗೆ ಬಂದರೆ ಮೊಣಕಾಲ ಚಿಪ್ಪಿನೊಳಗೆ ಚಳಿ, ಮೂಗಿನಲ್ಲಿ ಅಮೋನಿಯಾದ ಘಾಟು, ಸೋಡಾ ಗಾಡಿಯವರಿಗೆ, ಮದುವೆ ಮನೆಯವರಿಗೆ, ಬೀಳಗಿ ಹಿನ್ನೀರಿನ ಮೀನಿನವರಿಗೆ ಬರ್ಫ ಮಾಡಿಕೊಡುವ ಈ ಐಸ್ ಫ್ಯಾಕ್ಟರಿಯಲ್ಲಿ ನನ್ನದೇನು ಕೆಲಸ, ಬನಹಟ್ಟಿಯ ಪರಮಾನಂದ, ಮೂವತ್ತು ವರ್ಷ ಲೇಥಿನ ಮುಂದೆ ನಿಂತು ಮಗ್ಗದ ಬಿಡಿಭಾಗ ಕಡೆದವನು, ಈಗ ಹಿಮದ ಗೋಡೆ ಹತ್ತುವವರ ಸ್ಕ್ರೂ ಎಷ್ಟು ಭಾರ ತಾಳುತ್ತದೆಂದು ಎಳೆದು ನೋಡಲು ಬಂದಿದ್ದೇನೆ. ಹಳೇ ಮಗ್ಗದ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಚೌಕಟ್ಟು ಮಾಡಿ ತಂದೆ, ಬರ್ಫದ ಗಟ್ಟಿಯನ್ನು ಅದರೊಳಗೆ ಬಿಗಿದಾಗಿದೆ, ಮೇಲಿನ ತೊಲೆಗೆ ಚೈನ್ ಪುಲ್ಲಿ, ಅದರ ಕೊಕ್ಕೆಗೆ ತೂಗುಕಾಟಾ, ಕಾಟಾದ ಕೆಂಪು ಅಂಕಿ ಈಗ ಸೊನ್ನೆ ತೋರಿಸುತ್ತಿದೆ. ಸ್ಕ್ರೂ ಬರ್ಫಕ್ಕೆ ತಿರುಗಿಸುವುದು, ಕಾಟಾಕ್ಕೆ ಕಟ್ಟುವುದು, ಸರಪಳಿ ಎಳೆಯುವುದು, ಯಾವ ಅಂಕಿಗೆ ಕಿತ್ತು ಬರುತ್ತದೋ ನೋಡುವುದು, ಇಷ್ಟೇ. ಇಷ್ಟೇ ಆಗಿದ್ದರೆ ನನ್ನ ಅಂಗೈ ಈ ಚಳಿಯಲ್ಲೂ ಯಾಕೆ ಬೆವರಬೇಕು.

ರಾಧಿಕಾ ಚೀಲದಿಂದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಗೋಣಿಯ ಮೇಲೆ ಇಡುತ್ತಿದ್ದಾಳೆ, ಆರು, ಗೇಣುದ್ದದ ಉಕ್ಕಿನ ಕೊಳವೆಗಳು, ಮೈತುಂಬ ಸುರುಳಿಯ ಹಲ್ಲು, ತುದಿಗೆ ನಾಲ್ಕು ಚೂಪು, ತಲೆಗೆ ಹಗ್ಗ ಕಟ್ಟುವ ಉಂಗುರ. ನನ್ನ ಮಗಳು, ಇಪ್ಪತ್ತನಾಲ್ಕು ವರ್ಷ, ಬಾದಾಮಿಯ ಕೆಂಪು ಬಂಡೆಗಳ ಮೇಲೆ ಹಲ್ಲಿಯ ಹಾಗೆ ಹತ್ತಲು ಕಲಿತವಳು, ಮೊದಲ ಸಲ ನೋಡಲು ಹೋದಾಗ ನಾನು ಕಣ್ಣು ಮುಚ್ಚಿ ಕೂತಿದ್ದೆ, ಹೆಂಡತಿ ಶ್ರೀದೇವಿ ಮಾತ್ರ ಕಣ್ಣು ಬಿಟ್ಟೇ ನೋಡಿದಳು, ನೋಡ್ರಿ ನಿಮ್ಮ ಮಗಳ ಕೈ, ಎಲ್ಲಿ ಹಿಡೀಬೇಕು ಅನ್ನೂದು ಕೈಗೇ ಗೊತ್ತೈತಿ ಅಂದಳು. ಆ ಕೈ. ಜನವರಿಯಲ್ಲಿ ಹಿಮಾಚಲಕ್ಕೆ ಹೋದರು, ಹೆಪ್ಪುಗಟ್ಟಿದ ಜಲಪಾತ ಹತ್ತಲು, ಇವಳೂ ಬೀಳಗಿಯ ನವೀನನೂ, ಬಾದಾಮಿಯಲ್ಲೇ ಜೊತೆಯಾದ ಗೆಳೆಯ. ಇವಳು ಮೊದಲು ಹತ್ತಿದಳಂತೆ, ಮೇಲೆ ಎರಡು ಸ್ಕ್ರೂ ತಿರುಗಿಸಿ ಅವುಗಳಿಗೆ ಹಗ್ಗ ಹಾಕಿ ಇಳಿದಳಂತೆ, ಆಮೇಲೆ ನವೀನ ಹತ್ತಿದ, ಕಾಲು ಜಾರಿತು, ಜಾರುವುದು ಮಾಮೂಲಿ, ಹಗ್ಗ ಹಿಡಿಯುತ್ತದೆ, ಆದರೆ ಒಂದು ಸ್ಕ್ರೂ ಕಿತ್ತು ಬಂತು, ಇನ್ನೊಂದರ ಮೇಲೆ ಅವನು ತೊಟ್ಟಿಲಿನ ಹಾಗೆ ತೂಗಿ ಪಕ್ಕದ ಬಂಡೆಗೆ ಬಡಿದ, ಬಲಮೊಣಕಾಲು ಪುಡಿಯಾಯಿತು. ಫೋನು ಬಂದಾಗ ನಾನು ಊಟಕ್ಕೆ ಕೂತಿದ್ದೆ, ಅಪ್ಪಾ ನನ್ನ ಸ್ಕ್ರೂ ಬಿಡ್ತು, ಅಷ್ಟೇ ಅಂದಳು, ನಾನು ನೀ ಹೆಂಗದೀ ಎಂದು ಕೇಳಿದೆ, ಅವಳು ಮತ್ತೆ ಅದನ್ನೇ ಅಂದಳು, ನನ್ನ ಸ್ಕ್ರೂ ಬಿಡ್ತು.

ಮೂರು ತಿಂಗಳು. ಮನೆಗೆ ಬಂದವಳು ಉಣ್ಣಲು ಕೂತರೆ ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಡುತ್ತಿದ್ದಳು, ಆ ಒಂದು ಸ್ಕ್ರೂ ಸದಾ ಕೈಯಲ್ಲಿ, ಹೆಬ್ಬೆರಳಿನಿಂದ ಅದರ ಹಲ್ಲು ಸವರುತ್ತ ಕೂರುವುದು. ಹೆಬ್ಬೆರಳಿನಿಂದ ಹಲ್ಲು ನೋಡುವುದನ್ನು ನಾನೇ ಕಲಿಸಿದ್ದೆ, ಏಳು ವರ್ಷದವಳಿದ್ದಾಗ, ಕಣ್ಣು ಮುಚ್ಚು, ಸವರು, ಎಲ್ಲಿ ಸವೆದಿದೆ ಹೇಳು, ಅವಳು ಹೇಳುತ್ತಿದ್ದಳು, ತಪ್ಪುತ್ತಿರಲಿಲ್ಲ. ಹೋದ ವಾರ ಲೇಥಿನ ಹತ್ತಿರ ಬಂದು ನಿಂತು, ಅಪ್ಪಾ ಇದನ್ನ ಎಳದು ನೋಡೂಣು ಅಂದಳು, ಸ್ಕ್ರೂ ಹಳೇದಿತ್ತೋ ನನ್ನ ಕೈ ತಪ್ಪಿತೋ ನನಗ ತಿಳೀಬೇಕು. ಆರೂ ಸ್ಕ್ರೂ ಯಾರೋ ಬಳಸಿ ಮಾರಿದ್ದವು, ಅದು ನಿಜ, ಆದರೆ ನಾನು ಕನ್ನಡಕ ಹಾಕಿ ನೋಡಿದೆ, ಗೇಜು ಹಚ್ಚಿ ನೋಡಿದೆ, ಅದರ ಹಲ್ಲಿಗೆ ಏನೂ ಆಗಿರಲಿಲ್ಲ, ಉಳಿದ ಐದಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸವಿರಲಿಲ್ಲ. ಎಳೆದರೆ ಹಿಡಿಯುತ್ತದೆ. ಹಿಡಿದರೆ ತಪ್ಪು ಇವಳ ಕೈಯದಾಗುತ್ತದೆ. ನಿನ್ನೆ ಸಂಜೆ ಅವಳು ಶ್ರೀದೇವಿಯ ಜೊತೆ ಕಾಯಿಪಲ್ಯ ತರಲು ಹೋದಳು, ಇವತ್ತಿಗೆಂದು ಆರೂ ಸ್ಕ್ರೂ ಕಟ್ಟಿಟ್ಟ ಚೀಲ ಮೂಲೆಯಲ್ಲಿತ್ತು, ನಾನು ಆ ಸ್ಕ್ರೂ ತೆಗೆದು ಲೇಥಿಗೆ ಕಟ್ಟಿದೆ, ಹಲ್ಲಿನ ನೆತ್ತಿಯನ್ನು ಮೆಲ್ಲಗೆ, ಮೆಲ್ಲಗೆ ತೆಗೆದೆ, ಹೊಸ ಹೊಳಪು ಕಾಣದಂತೆ ಬೂದಿಯನ್ನೂ ಎಣ್ಣೆಯನ್ನೂ ಕಲಸಿ ತಿಕ್ಕಿದೆ. ಇಪ್ಪತ್ತು ನಿಮಿಷ. ಮೂವತ್ತು ವರ್ಷದಲ್ಲಿ ಒಂದು ಖೊಟ್ಟಿ ಸಾಮಾನು ನನ್ನ ಲೇಥಿನಿಂದ ಇಳಿದಿರಲಿಲ್ಲ.

ಹಾಕತೀನಪ್ಪಾ, ಅನ್ನುತ್ತಿದ್ದಾಳೆ, ಅದೇ ಸ್ಕ್ರೂ ಅವಳ ಕೈಯಲ್ಲಿ, ಈಗ ಸವರುತ್ತಾಳೆ, ಈಗ ತಿಳಿಯುತ್ತದೆ, ಆದರೆ ಅವಳು ಉಣ್ಣೆಯ ಕೈಗವಸು ಹಾಕಿಕೊಂಡಿದ್ದಾಳೆ, ದೇವರು ದೊಡ್ಡವನು, ಅಥವಾ ದೇವರಿಗೂ ಇದಕ್ಕೂ ಸಂಬಂಧವಿಲ್ಲ. ತಿರುಗಿಸುತ್ತಾಳೆ, ಕೊಳವೆಯ ಹಿಂಬದಿಯಿಂದ ಬರ್ಫದ ಪುಡಿ ಹೊರಗೆ ಬರುತ್ತದೆ, ಕರ್ ಕರ್ ಸದ್ದು, ಬುಡದ ತನಕ ಹೋಯಿತು. ನವೀನ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದಾನೆ, ಮುಂಜಾನೆಯ ಬಸ್ಸಿಗೆ ಬೀಳಗಿಯಿಂದ ಬಂದ, ಬಡಿಗೆ ಊರಿ ಬಸ್ಸಿಳಿಯುವಾಗ ನಾನು ಕೈ ಕೊಟ್ಟರೆ ಬ್ಯಾಡ್ರಿ ಕಾಕಾ, ಕಲೀಬೇಕಲ್ಲ ಅಂದ. ಅವನ ಮುಖದಲ್ಲಿ ಸಿಟ್ಟು ಹುಡುಕುತ್ತೇನೆ, ಸಿಗುವುದಿಲ್ಲ, ಸಿಗದಿರುವುದೇ ಭಾರ. ಸರಪಳಿ ಎಳೆದೆ. ಐವತ್ತು ಕಿಲೋ, ತೊಂಬತ್ತು, ನೂರಾ ಮೂವತ್ತು, ಬರ್ಫ ಒಳಗೇ ಗೊಣಗಿತು, ನೂರಾ ಎಂಬತ್ತಕ್ಕೆ ಟಪ್ಪೆಂದು ಸ್ಕ್ರೂ ಹೊರಬಂದು ಸರಪಳಿಯ ತುದಿಯಲ್ಲಿ ತಿರುಗತೊಡಗಿತು. ನೂರಾ ಎಂಬತ್ತು, ಒಬ್ಬ ಮನುಷ್ಯ ಜಾರಿ ಹಗ್ಗ ಜಗ್ಗಿದಾಗ ಬೀಳುವ ಭಾರಕ್ಕೂ ಕಡಿಮೆ. ನೋಡಿದ್ಯಾ ರಾಧಿ, ನವೀನನೇ ಮೊದಲು ಮಾತಾಡಿದ, ನೋಡಿದ್ಯಾ, ಹಲ್ಲs ಹೋಗಿದ್ದು ಅದಕ್ಕ, ನಿಂದೇನಿಲ್ಲ. ಅವಳು ಕೈಗವಸಿನ ಕೈಗಳಲ್ಲಿ ಮುಖ ಮುಚ್ಚಿಕೊಂಡಳು, ಭುಜ ಅಲುಗಿದವು, ಅಳುತ್ತಾಳೆ ಅಂದುಕೊಂಡೆ, ಕೈ ತೆಗೆದಾಗ ನಗುತ್ತಿದ್ದಳು, ಮೂರು ತಿಂಗಳಿನಿಂದ ಕಾಣದ ಹಲ್ಲುಗಳು, ಜಕ್ಕಪ್ಪಣ್ಣಾ ಚಾ ತರಸ್ತೀರೇನ್ರಿ ಅಂದಳು, ಹಸಿವಾಗೇದ ಅಂದಳು. ಹಸಿವಾಗೇದ. ಶ್ರೀದೇವಿಗೆ ಈಗಲೇ ಫೋನು ಮಾಡಬೇಕು, ನಿನ್ನ ಮಗಳಿಗೆ ಹಸಿವಾಗಿದೆ ಎನ್ನಬೇಕು.

ಚಹಾ ಬಂತು, ಬಿಸಿ ಗಾಜಿನ ಲೋಟ, ನಾನು ಆ ಬಿಸಿಯನ್ನೇ ಹಿಡಿದು ನಿಂತಿದ್ದೆ, ಆತು, ಮುಗೀತು, ಯಾರಿಗೇನು ನಷ್ಟ, ಹುಡುಗಿ ಉಳಿದಳು, ಹುಡುಗ ನಿರಾಳನಾದ, ಒಂದು ಕಬ್ಬಿಣದ ತುಂಡಿನ ಮೇಲೆ ತಪ್ಪು ಹೋಯಿತು, ಕಬ್ಬಿಣಕ್ಕೆ ನೋವಿಲ್ಲ. ಆಗ ಅವಳು ಬನ್ನು ಅದ್ದಿ ತಿನ್ನುತ್ತ ನವೀನನಿಗೆ ಹೇಳಿದಳು, ಹಂಗಾರ ನಾ ಹಾಕಿದ ರೀತಿ ಬರೋಬರಿ ಇತ್ತು. ಜಾಗಾನೂ ಬರೋಬರಿ ಇತ್ತು. ಮುಂದಿನ ಚಳಿಗಾಲ ಹೋದಾಗ ಹಂಗs ಹಾಕತೀನಿ. ಮೂರು ಮಾತು. ಲೋಟ ನನ್ನ ಕೈಯಲ್ಲಿ ಒಮ್ಮೆಲೇ ತಣ್ಣಗಾಯಿತೋ ಅಥವಾ ಕೈಯೇ ಸತ್ತಿತೋ, ಹಂಗೇ ಹಾಕುತ್ತಾಳೆ, ಅದೇ ಕೈ, ಅದೇ ಥರದ ಬರ್ಫ, ಒಳ್ಳೆಯ ಸ್ಕ್ರೂ, ಅದರ ಕೆಳಗೆ ಈ ಸಲ ಇವಳೇ ತೂಗುತ್ತಿದ್ದರೆ, ಅಥವಾ ಯಾರದೋ ಮಗ, ನಾನು ಉಳಿಸಿದ್ದು ಯಾರನ್ನು. ಹೇಳಬೇಡ ಪರಮಾನಂದ, ಎದೆಯೊಳಗೆ ಒಬ್ಬ ಹೇಳಿದ, ಅವಳು ಉಣ್ಣುತ್ತಿದ್ದಾಳೆ, ಉಂಡು ಮುಗಿಸಲಿ, ಮನೆಗೆ ಹೋಗಿ ಹೇಳು, ನಾಳೆ ಹೇಳು. ನಾಳೆ ಎಂದರೆ ಎಂದೂ ಹೇಳುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತು. ಯವ್ವಾ, ಅಂದೆ. ಯವ್ವಾ, ಆ ಹಲ್ಲು ನಾ ತಗದೇನಿ. ನಿನ್ನಿ ಸಂಜೀಕ, ಲೇಥಿಗೆ ಕಟ್ಟಿ. ಅದು ಛಲೋನs ಇತ್ತು.

ಅವಳು ಕೈಗವಸು ಕಳಚಿದಳು, ಸರಪಳಿಯಿಂದ ಸ್ಕ್ರೂ ಬಿಡಿಸಿಕೊಂಡು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದಳು, ಒಂದು ಸಲ ಸಾಕಾಯಿತು. ಕಣ್ಣು ತೆರೆದು ನನ್ನನ್ನು ನೋಡಿದಳು, ಬೈಯಲಿ, ಬೈದರೆ ಹಗುರಾಗುತ್ತೇನೆ, ಆದರೆ ಸಣ್ಣ ದನಿಯಲ್ಲಿ ಕೇಳಿದಳು, ನನ್ನ ಕೈ ತಪ್ಪೇದ ಅಂತ ನಿನಗ ಮೊದಲs ಅನಿಸಿತ್ತೇನಪ್ಪಾ. ಅನಿಸಿತ್ತು, ಅದಕ್ಕೇ ತೆಗೆದೆ, ನಂಬಿದ್ದರೆ ತೆಗೆಯುತ್ತಿರಲಿಲ್ಲ, ಇಷ್ಟು ಸರಳ ವಿಷಯ ನಿನ್ನೆ ಲೇಥಿನ ಮುಂದೆ ಹೊಳೆಯಲಿಲ್ಲ. ಹೌದು ಎಂದು ತಲೆಯಾಡಿಸಿದೆ. ನವೀನ ಬಡಿಗೆ ಎತ್ತಿಕೊಂಡು ಎದ್ದು, ಟಕ್, ಟಕ್, ಹೊರಗೆ ಬಿಸಿಲಿಗೆ ಹೋದ. ಅವನಿಗೆ ಈಗ ಸಿಟ್ಟು ಬಂದಿದೆ, ಬರಲಿ, ಅದರ ಮೇಲೆ ಅವನಿಗೆ ಹಕ್ಕಿದೆ.

ರಾಧಿಕಾ ಬರ್ಫದ ಗಟ್ಟಿಯ ಮೇಲೆ ಕೈಯಾಡಿಸಿ ಜಕ್ಕಪ್ಪನನ್ನು ಕೇಳಿದಳು, ಅಣ್ಣಾ, ಇದು ಗಾಜಿನಂಗ ಐತಲ್ರಿ, ಬೆಳ್ಳಗಿಂದು ಇಲ್ಲೇನ್ರಿ, ಹಾಲು ಬೆರಸಿದಂಗ ಇರತದಲ್ಲ, ಅಂಥಾದ್ದು. ಜಕ್ಕಪ್ಪ ಇಪ್ಪತ್ತು ವರ್ಷದಿಂದ ಬರ್ಫ ಎತ್ತಿದವನು, ಅದಾವಲ್ಲ ಬೇಕಾದಷ್ಟು ಅಂದ, ಮದುವಿ ಮಂದಿಗೆ ಸಾವಕಾಶ ಹೆಪ್ಪುಗಟ್ಟಿಸಿದ್ದು ಕೊಡತೇವಿ, ಅದು ಹಿಂಗ ತಿಳಿ ಬರತದ, ಸೋಡಾದವರಿಗೆ ಅವಸರ, ಲಗೂ ತಗದದ್ದರೊಳಗ ಗಾಳಿ ಸಿಕ್ಕಿ ಬೆಳ್ಳಗಾಗತದ, ತೂಕ ಬರೂದಿಲ್ಲ ಅದು, ಬಡದ್ರ ಪುಡಿ. ಅವಳು ಆ ಮಾತನ್ನು ನೀರು ಕುಡಿಯುವವಳ ಹಾಗೆ ಕೇಳಿದಳು. ಕೊಕ್ಕೆ ಹಾಕಿ ಬಿಳಿಯ ಗಟ್ಟಿ ಎಳೆದು ತಂದೆವು, ಚೌಕಟ್ಟಿಗೆ ಬಿಗಿದೆವು, ಐದು ಒಳ್ಳೆಯ ಸ್ಕ್ರೂಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟಳು, ನೋಡಪ್ಪಾ ಅಂದಳು, ಹಲ್ಲು ಸವರಿದೆ, ಛಲೋ ಐತಿ ಅಂದೆ, ನನ್ನ ಮಾತನ್ನು ಅವಳು ಮತ್ತೆ ತನ್ನ ಹೆಬ್ಬೆರಳಿನಿಂದ ಪರೀಕ್ಷಿಸಿದಳು, ನನ್ನ ಎದುರಿಗೇ, ಅದು ನನಗೆ ಸಲ್ಲಬೇಕಾದದ್ದೇ. ತಿರುಗಿಸಿದಳು, ಈ ಸಲ ಸದ್ದು ಬೇರೆ, ಮೆತ್ತಗೆ, ಪುಸು ಪುಸು, ಅವಳ ಕೈ ನಡುವೆ ನಿಂತಿತು, ಹಿಂಗs ಇತ್ತು, ಅಂದಳು, ಯಾರಿಗೂ ಅಲ್ಲ. ಅವತ್ತೂ ಹಿಂಗs ಹಗೂರ ಹೋತು. ಕೈ ಮರಗಟ್ಟಿದ್ವು, ಬೇರೆ ಜಾಗಾ ಹುಡುಕೂದು ಬ್ಯಾಸರಾತು, ಇನ್ನೊಂದು ಗಟ್ಟಿ ಐತಲ್ಲ ಅಂತ ಬಿಟ್ಟೆ. ನಾನು ಸರಪಳಿ ಎಳೆದೆ, ಇನ್ನೂರು, ಇನ್ನೂರ ಎಪ್ಪತ್ತು, ಮುನ್ನೂರ ಹತ್ತಕ್ಕೆ ಒಂದು ತಾಟಿನಗಲ ಬಿಳಿ ಬರ್ಫ ಒಡೆದು ಸ್ಕ್ರೂವಿನ ಸಮೇತ ಕಿತ್ತು ಬಂದು ನೆಲಕ್ಕೆ ಬಿತ್ತು. ಅವಳು ಅಳಲಿಲ್ಲ. ಬಾಗಿ ಆ ಚೂರುಗಳನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು, ಒಳಗಿನ ಗಾಳಿಗುಳ್ಳೆಗಳು ಸಾಬೂದಾಣಿಯ ಹಾಗೆ, ತಪ್ಪು ಎಲ್ಲಿದೆಯೆಂದು ತಿಳಿದ ಮನುಷ್ಯರ ಮುಖ ಹೀಗಿರುತ್ತದೆಯೇ, ನೋವಿದೆ, ಆದರೆ ಆ ಮೂರು ತಿಂಗಳ ಮಂಕು ಅಲ್ಲಿಲ್ಲ.

ಟಕ್, ಟಕ್. ನವೀನ ಬಾಗಿಲಲ್ಲಿ ನಿಂತಿದ್ದಾನೆ, ಎಷ್ಟು ಹೊತ್ತಿನಿಂದಲೋ, ಬಿಸಿಲು ಅವನ ಬೆನ್ನ ಹಿಂದೆ, ಮುಖ ಕಾಣುತ್ತಿಲ್ಲ. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ರಸ್ತೆಯಲ್ಲಿ ಹೋಯಿತು, ಅದು ದೂರಾಗುವ ತನಕ ಕಾದ. ರಾಧಿಕಾ ಅವನತ್ತ ತಿರುಗಿದಳು, ನಾ ಅವಸರ ಮಾಡಿದೆ ನವೀನ, ಗೊತ್ತಿದ್ದೂ ಹಾಕಿದೆ. ಅವನು ತನ್ನ ಮೊಣಕಾಲನ್ನು ನೋಡಿಕೊಂಡ, ಕಾಲನ್ನಲ್ಲ, ಮೊಣಕಾಲನ್ನೇ, ಹೌದು ಅಂದ. ನನಗ ಸಿಟ್ಟು ಬಂದೇತಿ, ಇಲ್ಲ ಅನ್ನೂದಿಲ್ಲ. ಕಾಕಾರ ಮ್ಯಾಲೂ ಬಂದೇತಿ. ನಾನು ತಲೆ ತಗ್ಗಿಸಿದೆ. ಅವನು ಬಂದು ಹಲಗೆಯ ಮೇಲೆ ಕೂತ, ಕಾಲು ಚಾಚಲು ಎರಡೂ ಕೈ ಬೇಕಾದವು, ಜೋಡಿಸಿಕೊಂಡು ಉಸಿರು ಬಿಟ್ಟ, ತಿಳೀ ಬರ್ಫದಾಗ ಇನ್ನೊಂದು ಹಾಕು, ಅಂದ, ಸಾವಕಾಶ ಹಾಕು, ನಾ ನೋಡತೀನಿ.

ಜಕ್ಕಪ್ಪ ತಿಳಿಯ ಗಟ್ಟಿಯನ್ನು ಮತ್ತೆ ಚೌಕಟ್ಟಿಗೆ ಏರಿಸಿದ, ಮೊದಲಿನ ತೂತನ್ನು ಬಿಟ್ಟು ಗೇಣು ದೂರದಲ್ಲಿ ಅವಳು ಬರ್ಫವನ್ನು ಗೆಣ್ಣಿನಿಂದ ಬಡಿದು ಕೇಳಿದಳು, ಮತ್ತೊಂದು ಕಡೆ ಬಡಿದಳು, ಮತ್ತೊಂದು ಕಡೆ, ಅಂಗಡಿಯಲ್ಲಿ ಗಡಿಗೆ ಕೊಳ್ಳುವ ಹೆಂಗಸಿನ ಹಾಗೆ, ನವೀನ ಅಲ್ಲಿ ಅಲ್ಲ, ಸ್ವಲ್ಪ ಕೆಳಗ ಅಂದ, ಅವಳು ಸ್ವಲ್ಪ ಕೆಳಗೆ ಬಡಿದು ಅವನನ್ನು ನೋಡಿದಳು, ಅವನು ಹೂಂ ಅಂದ. ತಿರುಗಿಸಿದಳು, ಬಿಗಿ, ಪ್ರತಿ ಸುತ್ತಿಗೂ ತೋಳಿನ ನರ ಉಬ್ಬುವಷ್ಟು ಬಿಗಿ, ಬುಡ ಮುಟ್ಟಿತು. ಅಪ್ಪಾ ಎಳಿ. ಎಳೆದೆ. ಇನ್ನೂರು, ಮುನ್ನೂರ ಹತ್ತು, ಅದನ್ನು ದಾಟಿತು, ಐನೂರು, ಏಳುನೂರ ಇಪ್ಪತ್ತು, ಬರ್ಫ ಗೊಣಗಲಿಲ್ಲ, ಚೌಕಟ್ಟು ಮಾತ್ರ ಕಿರುಗುಟ್ಟಿತು, ನನ್ನ ಬೆಸುಗೆ, ತಾಳು, ಒಂಬೈನೂರು, ಜಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದ, ಸಾವಿರದ ನಲವತ್ತು, ಯಾರೂ ಸಾಕು ಅನ್ನುತ್ತಿಲ್ಲ, ಅವಳು ಕಾಟಾದ ಅಂಕಿಯನ್ನೇ ನೋಡುತ್ತಿಲ್ಲ, ಸ್ಕ್ರೂ ಬರ್ಫದೊಳಗೆ ಹೋದ ಜಾಗವನ್ನು ನೋಡುತ್ತಿದ್ದಾಳೆ, ನವೀನನೂ ಅದನ್ನೇ, ನಾನೂ ಅದನ್ನೇ, ಗಾಜಿನಂಥ ಬರ್ಫದಲ್ಲಿ ಅದರ ಉದ್ದಕ್ಕೂ ಕಾಣುತ್ತದೆ, ಕೊಳವೆ, ಸುರುಳಿ, ಒಂದೊಂದು ಹಲ್ಲೂ ಬರ್ಫವನ್ನು ಕಚ್ಚಿರುವುದು ಕಾಣುತ್ತದೆ, ಎಣಿಸಬಹುದು, ಎಳೆಯುತ್ತೇನೆ, ಅಲುಗುವುದಿಲ್ಲ, ಎಳೆಯುತ್ತೇನೆ, ಹಲ್ಲು, ಬರ್ಫ, ಹಲ್ಲು, ಹಿಡಿದಿದೆ.