ಟೈರಿನ ಒಳಮೈ

ಸೈಕಲ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಫೋನ್ ಬಡಿದುಕೊಳ್ಳುತ್ತಿತ್ತು. ಹತ್ತಿ ಮೇಷ್ಟ್ರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವರ ಎಡಗೈಯಲ್ಲಿ ಬಿಚ್ಚಿದ ಟೈರ್ ಇತ್ತು, ಬಲಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಹತ್ತಿ. ಹತ್ತಿಯನ್ನು ಟೈರಿನ ಒಳಮೈಗೆ ಒತ್ತಿ ಹಿಡಿದು, ವಾಲ್ವಿನ ಜಾಗದಿಂದ ಹೊರಟು ನಿಧಾನವಾಗಿ ಒಂದು ಸುತ್ತು ಬರುತ್ತಿದ್ದರು. ಗಾಜಿನ ಚೂರೋ, ಮುಳ್ಳಿನ ತುದಿಯೋ, ತಂತಿಯೋ ಒಳಗೆ ಉಳಿದಿದ್ದರೆ ಬೆರಳಿಗೆ ತಿಳಿಯದಿದ್ದರೂ ಹತ್ತಿಯ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

"ಮೇಷ್ಟ್ರೇ, ಫೋನು," ಅಂದ ಗಿರಾಕಿ. ಭಾನುವಾರಗಳಲ್ಲಿ ಮಾತ್ರ ನೂರು ಕಿಲೋಮೀಟರ್ ಸೈಕಲ್ ತುಳಿಯುವ ಗುಮಾಸ್ತ ಆತ.

"ಬಡ್ಕೊಳ್ಳಲಿ ಬಿಡಿ."

"ಮನೆಯಿಂದ ಏನೋ."

"ಮನೆಗೆ ಬೆಂಕಿ ಬಿದ್ದಿದ್ರೂ ಈ ಸುತ್ತು ಮುಗೀಬೇಕು."

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅಂಗಡಿಗೆ ಬಂದವರಿಗೆಲ್ಲ ಕೊರೆಯುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. "ಪಂಕ್ಚರ್ ಆದ್ಮೇಲೆ ತಲೆ ಚಚ್ಕೊಂಡು ಏನು ಬಂತು? ಹೊರಡೋಕೆ ಮುಂಚೆ ಗಾಳಿ ನೋಡಿ. ರಸ್ತೆ ಅಂಚಿಗೆ ಹೋಗ್ಬೇಡಿ, ಲಾರಿಗಳು ಗುಡಿಸಿ ಹಾಕಿದ ಕಸ ಎಲ್ಲಾ ಅಲ್ಲೇ ಇರುತ್ತೆ. ನೀರು ನಿಂತ ಗುಂಡಿ ಕಂಡ್ರೆ ಸುತ್ತು ಹಾಕಿ. ಮನೆಗೆ ಬಂದ ತಕ್ಷಣ ಟೈರ್ ಒರೆಸಿ. ಇವತ್ತು ಚರ್ಮಕ್ಕೆ ಅಂಟಿಕೊಂಡಿದ್ದು ನಾಳೆ ಒಳಗೆ ಇಳಿಯುತ್ತೆ." ಗಿರಾಕಿಗಳು ಹೂಂಗುಟ್ಟಿ ಬೆನ್ನ ಹಿಂದೆ ನಗುತ್ತಿದ್ದರು. ಆದರೆ ಅವರ ಕೈಯಿಂದ ಹೋದ ಸೈಕಲ್ಲು ಅದೇ ಕಾರಣಕ್ಕೆ ಎರಡನೆಯ ಸಲ ಪಂಕ್ಚರ್ ಆದದ್ದನ್ನು ಯಾರೂ ಕಂಡಿರಲಿಲ್ಲ.

"ನಿಮ್ಮ ಕೈ ಬಿದ್ರೆ ಜೀವಕ್ಕೆ ಧೈರ್ಯ ಮೇಷ್ಟ್ರೇ," ಅಂದ ಗುಮಾಸ್ತ, ಚಕ್ರ ತೆಗೆದುಕೊಳ್ಳುತ್ತ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಮೇಷ್ಟ್ರ ಕಣ್ಣು ತಾನಾಗಿ ಹಿಂದಿನ ಗೋಡೆಗೆ ಹೋಯಿತು.

ಅಲ್ಲಿ ಎರಡು ಕೊಕ್ಕೆಗಳ ಮೇಲೆ ಅವರ ಅಣ್ಣನ ನೀಲಿ ಸೈಕಲ್ಲು ನೇತಾಡುತ್ತಿತ್ತು. ಆರು ವರ್ಷಗಳ ಹಿಂದೆ ಗುಡ್ಡದ ಇಳಿಜಾರಿನ ಮೂರನೆಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿ, ಅಣ್ಣ ತಡೆಗೋಡೆಗೆ ತಲೆ ಹೊಡೆದುಕೊಂಡು ಹೋಗಿಬಿಟ್ಟಿದ್ದ. ತಿರುವಿನಲ್ಲಿ ಮರಳಿತ್ತು ಎಂದರು ಜನ. ಬಿದ್ದ ಪೆಟ್ಟಿಗೆ ಗಾಳಿ ಹೋಗಿದೆ ಎಂದರು ಪೊಲೀಸರು. ಮೇಷ್ಟ್ರು ಸೊಟ್ಟಗಾದ ಹ್ಯಾಂಡಲ್ ನೆಟ್ಟಗೆ ಮಾಡಿ ಸೈಕಲ್ಲನ್ನು ಗೋಡೆಗೇರಿಸಿದರು. ಮುಂದಿನ ಚಕ್ರಕ್ಕೆ ಗಾಳಿ ತುಂಬಿದರು. ಮಾರನೆಯ ಬೆಳಿಗ್ಗೆ ಅಂಗಡಿ ತೆರೆದಾಗ ಅದು ಮೆತ್ತಗಾಗಿತ್ತು.

ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಸಂಜೆ ಕಲ್ಲಿನಂತಿರುವ ಟೈರು ಬೆಳಿಗ್ಗೆ ಚಪ್ಪಟೆ, ಅಣ್ಣ ರಾತ್ರಿಯಿಡೀ ಓಡಿಸಿ ತಂದು ನೇತುಹಾಕಿದ ಹಾಗೆ. ಮೇಷ್ಟ್ರು ದೀಪ ಹಾಕುವುದಕ್ಕೂ ಮುಂಚೆ ಪಂಪ್ ಹಿಡಿದು ನಲವತ್ತು ಸಲ ಒತ್ತುತ್ತಿದ್ದರು. "ಬಂದೆ ಅಣ್ಣ, ಬಂದೆ," ಎಂದು ಗೊಣಗುತ್ತಿದ್ದರು. ಆಮೇಲೆ ಅಣ್ಣ ಮಾಡುತ್ತಿದ್ದಂತೆ ಹೆಬ್ಬೆರಳಿನಿಂದ ಎರಡು ಸಲ ಒತ್ತಿ ನೋಡುತ್ತಿದ್ದರು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಆ ಗೋಡೆಯ ಕಡೆಯಿಂದ ಸಣ್ಣ ಸುಯ್ಯೆನ್ನುವ ಸದ್ದು ಕೇಳಿಸುತ್ತಿತ್ತು. ಅಷ್ಟು ಸಣ್ಣ ತೂತಿನ ಸದ್ದು ಕಿವಿಗೆ ಬೀಳುವುದು ಸಾಧ್ಯವೇ ಇಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕೇಳಿಸುತ್ತಿತ್ತು. ಒಮ್ಮೆಯೂ ಅವರು ಆ ಟೈರ್ ಬಿಚ್ಚಿ ನೋಡಲಿಲ್ಲ.

ಬಿಚ್ಚದಿರುವುದಕ್ಕೆ ಕಾರಣವಿತ್ತು. ಮೇಷ್ಟ್ರ ಕೆಲಸಕ್ಕೆ ಒಂದು ಕ್ರಮ. ಟ್ಯೂಬಿನಲ್ಲಿ ತೂತು ಕಂಡ ಕೂಡಲೇ, ಅದರ ನೇರಕ್ಕೆ ಟೈರಿನ ಪಕ್ಕದಲ್ಲಿ ಹಳದಿ ಬಳಪದಿಂದ ಒಂದು ಗುಣಿಸು ಗುರುತು ಹಾಕುತ್ತಾರೆ. ಹತ್ತಿ ಆಡಿಸಿ, ಚುಚ್ಚಿದ್ದನ್ನು ಕಿತ್ತ ಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಗುರುತು ಒರೆಸುತ್ತಾರೆ. ಗುರುತು ಇದೆ ಎಂದರೆ ಕೆಲಸ ಬಾಕಿ ಇದೆ ಎಂದರ್ಥ. ಅಣ್ಣ ಹೋಗುವ ಹಿಂದಿನ ಸಂಜೆ ಅದೇ ಮುಂದಿನ ಚಕ್ರ ಅವರ ಮುಂದಿತ್ತು. ಗುರುತು ಹಾಕಿ, ಹತ್ತಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಅಣ್ಣನ ಮಗಳು. ಆಗ ಅವಳಿಗೆ ಹದಿನೇಳು.

"ಚಿಕ್ಕಪ್ಪ, ಅಪ್ಪನ್ನ ಬೇಗ ಕಳಿಸಿ. ಬೀಗದ ಕೈ ಅವರ ಹತ್ರ ಇದೆ. ನಾನು ಕಿಟಕಿ ಹತ್ತಿ ಇಣುಕ್ತಿದ್ದೀನಿ, ಪಕ್ಕದ ಮನೆಯವರು ಕಳ್ಳಿ ಅಂದ್ಕೊಂಡಿದ್ದಾರೆ."

ಮೇಷ್ಟ್ರು ಬಿದ್ದು ಬಿದ್ದು ನಕ್ಕಿದ್ದರು. ಭುಜಕ್ಕೂ ಕಿವಿಗೂ ನಡುವೆ ಫೋನ್ ಇಟ್ಟುಕೊಂಡೇ ಹೊಸ ಟ್ಯೂಬ್ ಕೂರಿಸಿ, ಟೈರ್ ಏರಿಸಿ, ಗಾಳಿ ತುಂಬಿ, "ಹೊರಡು ಮಾರಾಯ, ನಿನ್ನ ಮಗಳನ್ನ ಪೊಲೀಸರು ಹಿಡಿದಾರು," ಎಂದು ಅಣ್ಣನನ್ನು ಕಳಿಸಿದ್ದರು. ಹತ್ತಿ ಆಡಿಸಿದೆನೋ ಇಲ್ಲವೋ? ಆರು ವರ್ಷ ಕೇಳಿಕೊಂಡರೂ ನೆನಪು ಬಾಯಿ ಬಿಡಲಿಲ್ಲ. ಹಳದಿ ಗುರುತು ಮಾತ್ರ ಟೈರಿನ ಮೇಲೆ ಹಾಗೇ ಇತ್ತು. ಒರೆಸುವುದಕ್ಕೆಂದು ಎಷ್ಟೋ ಸಲ ಬಟ್ಟೆ ಹಿಡಿದು ಹೋಗಿ, ಕೈ ಬರದೆ, ಗುರುತು ಕಾಣದಂತೆ ಚಕ್ರವನ್ನು ತಿರುಗಿಸಿ ಗೋಡೆಯ ಕಡೆಗಿಟ್ಟು ವಾಪಸು ಬಂದಿದ್ದರು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಶನಿವಾರ ಬೆಳಿಗ್ಗೆ ಅಣ್ಣನ ಮಗಳು ಅಂಗಡಿಗೆ ಬಂದು, ನೇರವಾಗಿ ನೀಲಿ ಸೈಕಲ್ಲಿನ ಕೆಳಗೆ ನಿಂತಳು. ಈಗವಳಿಗೆ ಇಪ್ಪತ್ತಮೂರು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಬಿಡುವಿದ್ದಾಗಲೆಲ್ಲ ಸೈಕಲ್ಲು. ರಿಪೇರಿಯ ಕೆಲಸವನ್ನೆಲ್ಲ ಕಲಿಸಿದವರು ಮೇಷ್ಟ್ರೇ.

"ನನ್ನ ಸೈಕಲ್ಲಿನ ಫ್ರೇಮ್ ಸೀಳಿದೆ ಚಿಕ್ಕಪ್ಪ. ನಾಳೆ ಗುಡ್ಡಕ್ಕೆ ಹೋಗ್ಬೇಕು. ಅಪ್ಪಂದು ತಗೊಂಡು ಹೋಗ್ತೀನಿ."

"ಅದು ಬೇಡ."

"ಅಮ್ಮನ್ನ ಕೇಳಿದೆ. ಸರಿ ಅಂದ್ರು."

ಅತ್ತಿಗೆಯೇ ಸರಿ ಎಂದ ಮೇಲೆ ಮೇಷ್ಟ್ರು ತಡೆಯುವ ಹಾಗಿರಲಿಲ್ಲ. "ಹಾಗಾದ್ರೆ ಸಂಜೆ ಬಾ. ಹೊಸ ಟೈರ್ ಹಾಕಿ ಇಟ್ಟಿರ್ತೀನಿ. ಹಳೇದು ಎಸೆದ್ರಾಯ್ತು."

ಹೌದು, ಎಸೆದರಾಯಿತು. ಎಷ್ಟು ಸುಲಭ. ಅವಳು ಅತ್ತ ಹೋದರೆ ಸಾಕು, ಆರು ವರ್ಷದ ಪ್ರಶ್ನೆ ಕಸದ ಡಬ್ಬಿಗೆ. ಮೇಷ್ಟ್ರಿಗೆ ಒಂದು ಕ್ಷಣ ಮೈ ಹಗುರಾಯಿತು. ಆದರೆ ಹುಡುಗಿ ಆಗಲೇ ಸೈಕಲ್ಲು ಇಳಿಸಿ, ಮುಂದಿನ ಚಕ್ರ ಕಳಚಿ, ಟೈರ್ ಬಿಚ್ಚುವ ಲಿವರ್ ಕೈಗೆ ತೆಗೆದುಕೊಂಡಿದ್ದಳು.

"ನೀವೇ ಹೇಳ್ತೀರಲ್ಲ, ಒಳಗೆ ನೋಡದೆ ಹಳೇ ಟೈರ್ ಎಸೀಬೇಡಿ ಅಂತ. ಯಾಕೆ ಹೋಯ್ತು ಅಂತ ತಿಳೀದಿದ್ರೆ ಹೊಸದೂ ಅದೇ ದಾರಿ ಹಿಡಿಯುತ್ತೆ ಅಂತ."

ಟೈರ್ ಬಿಚ್ಚಿಕೊಂಡಿತು. ಅವಳು ಹತ್ತಿ ತೆಗೆದುಕೊಂಡು ವಾಲ್ವಿನ ಜಾಗದಿಂದ ಹೊರಟಳು. ಮೇಷ್ಟ್ರು ಮೇಜಿನ ಅಂಚು ಹಿಡಿದು ನಿಂತರು. ಹತ್ತಿ ಕಾಲು ಸುತ್ತು ಹೋಯಿತು. ಅರ್ಧ ಸುತ್ತು ಹೋಯಿತು. ಇಲ್ಲ, ಒಳಗೆ ಏನೂ ಇಲ್ಲ, ಎಂದು ಅವರು ಉಸಿರು ಬಿಡುವಷ್ಟರಲ್ಲಿ ಅವಳ ಕೈ ನಿಂತಿತು.

ಅವಳು ಚಿಮಟಿ ಹಾಕಿ ಎಳೆದಳು. ಸವೆದ ಲಾರಿ ಟೈರುಗಳಿಂದ ಉದುರುವ ಉಕ್ಕಿನ ಎಳೆ. ಅಕ್ಕಿಕಾಳಿನಷ್ಟೂ ಉದ್ದವಿರಲಿಲ್ಲ.

"ಇದು ಆವತ್ತು ದಾರೀಲೇ ಚುಚ್ಚಿರಬಹುದು..." ಎನ್ನುತ್ತ ಅವಳು ಟೈರ್ ಹೊರಳಿಸಿದಳು. ತಂತಿ ಬಂದ ಜಾಗದ ನೇರಕ್ಕೆ, ಮಾಸಿದ್ದರೂ ಅಳಿಯದ ಹಳದಿ ಗುರುತು. ಅದರ ಅರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನಾನೇ," ಅಂದರು ಮೇಷ್ಟ್ರು. "ಗುರುತು ಹಾಕಿದೆ. ತಂತಿ ತೆಗೀಲಿಲ್ಲ."

"ಯಾಕೆ?"

"ಮರೆತೆ."

"ನೀವು ಮರೆಯೋರಲ್ಲ. ಯಾರಾದ್ರೂ ಬಂದಿದ್ರಾ? ಏನಾಯ್ತು?"

"ಯಾರೂ ಬರಲಿಲ್ಲ. ಏನೂ ಆಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅಷ್ಟೇ."

ಅವಳ ಕಣ್ಣು ತುಂಬಿ ಬಂತು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. "ಆರು ವರ್ಷ ದಿನಾ ಗಾಳಿ ಹೊಡೀತಾ ಬಂದ್ರಿ. ಒಂದು ದಿನ ಬಿಚ್ಚಿ ನೋಡಲಿಲ್ಲ. ನಮಗೊಂದು ಮಾತು ಹೇಳಲಿಲ್ಲ." ಹೊಸ ಟೈರನ್ನು ತಾನೇ ಹಾಕಿದಳು. ಮೇಷ್ಟ್ರು ಪಂಪ್ ಎತ್ತಿಕೊಟ್ಟರೆ ತೆಗೆದುಕೊಳ್ಳದೆ ಗೋಡೆಯ ಮೂಲೆಯಲ್ಲಿದ್ದ ಇನ್ನೊಂದನ್ನು ತಂದಳು. ಹೊರಡುವಾಗ ಹೆಬ್ಬೆರಳಿನಿಂದ ಟೈರನ್ನು ಎರಡು ಸಲ ಒತ್ತಿದಳು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. "ಅಮ್ಮನಿಗೆ ನೀವೇ ಹೇಳಿ," ಎಂದಷ್ಟೇ ಹೇಳಿ ಸೈಕಲ್ಲು ತಳ್ಳಿಕೊಂಡು ಹೋದಳು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಅಂಗಡಿ ತೆರೆದು, ದೀಪ ಹಾಕುವುದಕ್ಕೂ ಮುಂಚೆ ಪಂಪ್ ಹಿಡಿದು ಗೋಡೆಯ ತನಕ ಹೋದರು. ಎರಡು ಕೊಕ್ಕೆಗಳಿದ್ದವು. ಸೈಕಲ್ಲಿನ ಆಕಾರದಲ್ಲಿ ಬಣ್ಣ ಮಾಸದ ಸುಣ್ಣವಿತ್ತು. ಸದ್ದು ಇರಲಿಲ್ಲ. ಆ ನಿಶ್ಶಬ್ದ ಅವರನ್ನು ಸುಯ್ಯೆನ್ನುವ ಸದ್ದಿಗಿಂತ ಹೆಚ್ಚು ಹೆದರಿಸಿತು. ಪಂಪ್ ಕೆಳಗಿಟ್ಟು, ಯಾರದ್ದೋ ಟೈರ್ ಬಿಚ್ಚಿ ಕೂತರು.

ಹತ್ತು ಗಂಟೆಯ ಸುಮಾರಿಗೆ ಫೋನ್ ಬಡಿದುಕೊಂಡಿತು. ಹತ್ತಿ ಇನ್ನೂ ಟೈರಿನ ನಡುವೆ ಎಲ್ಲೋ ಇತ್ತು. ಪರದೆಯ ಮೇಲೆ ಅಣ್ಣನ ಮಗಳ ಹೆಸರು. ಅವಳು ಈ ಹೊತ್ತಿಗೆ ಎಲ್ಲಿರಬೇಕೆಂದು ಬೆಳಗಿನಿಂದ ಲೆಕ್ಕ ಹಾಕುತ್ತಲೇ ಇದ್ದವರು ಸುತ್ತು ಮುಗಿಯುವ ತನಕ ಕಾಯಲಾರದೆ ಹೋದರು.

"ಎಲ್ಲಿದ್ದೀಯಮ್ಮ? ಹುಷಾರಾಗಿದ್ದೀಯಾ?"

"ಮೂರನೇ ತಿರುವಿನಲ್ಲಿ ಕೂತಿದ್ದೀನಿ." ಗಾಳಿಯ ಹೊಡೆತಕ್ಕೆ ಅವಳ ದನಿ ಹರಿದು ಹರಿದು ಬರುತ್ತಿತ್ತು.

"ಟೈರು?"

"ಕಲ್ಲಿನ ಹಾಗಿದೆ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಚಿಕ್ಕಪ್ಪ, ಕೈಯಲ್ಲಿ ಟೈರ್ ಇದ್ರೆ ನೀವು ಫೋನ್ ತೆಗೆಯಲ್ಲ. ಯಾವತ್ತಿಂದ ಅಂತ ಯೋಚನೆ ಮಾಡ್ತಿದ್ದೆ. ಮೊದಲು ಹಾಗಿರಲಿಲ್ಲ ನೀವು."

ಮೇಷ್ಟ್ರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಆವತ್ತು ಸಂಜೆ ನಾನು ಫೋನ್ ಮಾಡಿದ್ದೆ. ಬೀಗದ ಕೈ, ಕಿಟಕಿ, ಕಳ್ಳಿ... ನೀವು ತುಂಬಾ ನಕ್ಕಿದ್ರಿ. ನಿಜ ಹೇಳಿ. ಆಗ ನಿಮ್ಮ ಕೈಯಲ್ಲಿ ಅಪ್ಪನ ಟೈರ್ ಇತ್ತಾ?"

ಮೇಷ್ಟ್ರು ತಮ್ಮ ಕೈಯಲ್ಲಿದ್ದ ಟೈರನ್ನು ನೋಡಿದರು.

"ಇಲ್ಲ ಕಣಮ್ಮ," ಅಂದರು. "ಕೈ ಖಾಲಿ ಇತ್ತು. ನೀನು ಫೋನ್ ಮಾಡೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

ಗಾಳಿಯ ಸದ್ದಿನ ನಡುವೆ ಅವಳು ಎದ್ದು ಸೈಕಲ್ಲು ನೆಟ್ಟಗೆ ಮಾಡಿದ್ದು ಕೇಳಿಸಿತು. ಆಮೇಲೆ ಅವಳು, "ಸರಿ, ಇಳೀತೀನಿ," ಅಂದಳು.

"ನಿಧಾನ. ಅಂಚಿಗೆ ಹೋಗ್ಬೇಡ."

ಫೋನ್ ಮೇಜಿನ ಮೇಲಿಟ್ಟು ಮೇಷ್ಟ್ರು ಹತ್ತಿಗೆ ಕೈ ಹಾಕಿದರು. ಎಲ್ಲಿಯವರೆಗೆ ಬಂದಿದ್ದೆ ಎನ್ನುವುದು ನೆನಪಾಗಲಿಲ್ಲ. ಟೈರನ್ನು ತಿರುಗಿಸಿ, ವಾಲ್ವಿನ ಜಾಗ ಹುಡುಕಿ, ಮತ್ತೆ ಮೊದಲಿನಿಂದ ಹೊರಟರು.