ಬೆನ್ನಿಲ್ಲದ ಕಪಾಟು

ಬಡಗಿ ಕಪಾಟು ತಂದಿಳಿಸಿ ಹೋಗಿ ಒಂದು ಗಂಟೆಯೂ ಆಗಿರಲಿಲ್ಲ, ಮೇಷ್ಟ್ರ ಫೋನು ಬಂತು. "ಏನಪ್ಪಾ ಇದು, ಹಿಂಭಾಗಾನೇ ಇಲ್ವಲ್ಲ!"

ತನ್ನ ಕೈಯಾರೆ ಬೆನ್ನಿನ ಹಲಗೆ ಕೂರಿಸಿ ಮೊಳೆ ಹೊಡೆದಿದ್ದ ಬಡಗಿ ಬಿದ್ದೆನೋ ಎದ್ದೆನೋ ಎಂದು ಓಡಿ ಬಂದ. ಎದುರಿಗೆ ಎರಡು ಬಾಗಿಲು, ಹಿತ್ತಾಳೆಯ ಹಿಡಿ. ಪಕ್ಕಕ್ಕೆ ಹೋದರೆ ಅವೇ ಬಾಗಿಲು, ಅದೇ ಹಿಡಿ. ಹಿಂದಕ್ಕೆ ಹೋದರೂ ಅಷ್ಟೇ. ಗೋಡೆಗೆ ಒರಗಿಸೋಣವೆಂದರೆ ಒರಗಿಸಲು ಬೆನ್ನೇ ಸಿಗದು. ಹಾಗಾಗಿ ಅದು ಪಡಸಾಲೆಯ ನಟ್ಟನಡುವೆ ನಿಂತಿತ್ತು.

ಮೇಷ್ಟ್ರು ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಹೇಳಿದವರು. ವಸ್ತು ನಮಗೆ ಹೇಗೆ ತೋರುತ್ತದೋ ಅಲ್ಲಿಂದಲೇ ವಿಚಾರ ಹೊರಡಬೇಕೆಂಬುದು ಅವರ ಪಕ್ಷ. ಅದೇ ಕಾಲೇಜಿನಲ್ಲಿದ್ದ ಅವರ ಅಕ್ಕನದು, ತೋರಿಕೆ ಹಾಗಿರಲಿ, 'ಇರುವುದು' ಅಂದರೇನು ಅದನ್ನು ಮೊದಲು ಹೇಳು ಎಂಬ ಹಟ. ಈ ಜಗಳದಲ್ಲಿ ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅಕ್ಕನ ಮನೆ ಇದ್ದದ್ದು ಎದುರಿಗೇ.

"ಅತ್ತಿಗೇನ ಕರೀತೀನಿ," ಎಂದರು ಮೇಷ್ಟ್ರ ಹೆಂಡತಿ.

"ಅವಳ್ಯಾಕೆ?"

"ಹಾಗಾದ್ರೆ ನೀವೇ ಇದರ ಸುತ್ತ ಸುತ್ತುತಾ ಇರಿ."

ಅಕ್ಕ ಬಂದರು. ತಮ್ಮನ ಕಡೆ ತಿರುಗಿಯೂ ನೋಡದೆ ಕಪಾಟನ್ನು ಎರಡು ಸುತ್ತು ಹಾಕಿ ಬಡಗಿಗೆ ಹೇಳಿದರು: "ಹಿಂಭಾಗ ಇದ್ದೇ ಇದೆಯಪ್ಪ. ಕಾಣೋದು ಬಿಡೋದು ಬೇರೆ ಮಾತು ಅಂತ ನಿಮ್ಮ ಮೇಷ್ಟ್ರಿಗೆ ಹೇಳು."

ಮೇಷ್ಟ್ರೂ ಬಡಗಿಗೇ ಹೇಳಿದರು: "ಯಾವ ಕಡೆಯಿಂದ್ಲೂ ತೋರದೇ ಇರೋದನ್ನ ಯಾವ ಬಾಯಲ್ಲಿ ಇದೆ ಅನ್ನೋದು ಅಂತ ಕೇಳು ಅವರನ್ನ."

"ಮೊಳೆ ಹೊಡೆದೋನು ನಾನು ಸ್ವಾಮಿ!" ಎಂದ ಬಡಗಿ.

"ಅದು ನಿನ್ನ ನೆನಪು," ಎಂದರು ಮೇಷ್ಟ್ರು.

"ಮೊಳೆಗೂ ಇರವಿಗೂ ಏನು ಸಂಬಂಧ?" ಎಂದರು ಅಕ್ಕ.

ಬಡಗಿಗೆ ರೇಗಿಹೋಯಿತು. ಕೈಗೆ ಸಿಕ್ಕಿದ ಬಾಗಿಲು ತೆಗೆದು ಒಳಗೆ ಹೊಕ್ಕು ಮುಚ್ಚಿಕೊಂಡ. ಒಳಗಿನಿಂದ ಧಬಧಬ ಗುದ್ದಿದ ಸದ್ದು. "ಇಲ್ಲಿದೆ! ಹಲಗೆ ಕೈಗೆ ಸಿಗ್ತಾ ಇದೆ!"

ಅಕ್ಕ ಗೆದ್ದವರಂತೆ ನಕ್ಕರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಕೈಗೆ ತೋರಿತು ತಾನೆ ಅಕ್ಕಾ? ತೋರೋದು ಅಂದ್ರೆ ಬರೀ ಕಣ್ಣಿಗಾ?"

"ತೋರೋಕೆ ಮೊದಲು ಅದು ಇರಬೇಕಲ್ಲೋ ದಡ್ಡ!"

ಹನ್ನೊಂದು ವರ್ಷಗಳ ಮೇಲೆ ಆಡಿದ ಮಾತು ಅದು.

"ಬಾ, ಒಳಗೇ ಹೋಗಿ ತೀರ್ಮಾನ ಮಾಡೋಣ," ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ಕಪಾಟಿನೊಳಕ್ಕೆ ಕಾಲಿಟ್ಟರು. ಹಿಂದೆಯೇ ತಮ್ಮ. ಜಾಗ ಸಾಲದೆ ಬಡಗಿ ಇನ್ನೊಂದು ಮಗ್ಗುಲಿನ ಬಾಗಿಲಿನಿಂದ ಹೊರಕ್ಕೆ ಬಿದ್ದ.

ಮಧ್ಯಾಹ್ನದ ಊಟದ ತಟ್ಟೆಗಳು ಒಳಕ್ಕೇ ಹೋದವು. ಸಂಜೆಯಾದರೂ ವಾದ ಮುಗಿಯಲಿಲ್ಲ. ನಡುನಡುವೆ "ಸ್ವಲ್ಪ ಸರಿಯೋ" ಎಂಬ ಅಕ್ಕನ ದನಿ, ತಮ್ಮನ ನಗು ಕೇಳುತ್ತಿದ್ದವು. ಮೇಷ್ಟ್ರ ಹೆಂಡತಿ ಬಾಗಿಲಿಗೆ ಕಿವಿಗೊಟ್ಟು ಕಣ್ಣೊರೆಸಿಕೊಂಡರು.

"ಕಪಾಟು ವಾಪಸ್ ತಗೊಂಡ್ಹೋಗ್ಲಾ ಅಮ್ಮಾ?" ಬಡಗಿ ಹಿಂಜರಿಯುತ್ತ ಕೇಳಿದ.

"ಬೇಡಪ್ಪ, ಅವರಿಗೆ ಅದು ಸರಿಹೋಗಿದೆ. ನನಗೆ ಇನ್ನೊಂದು ಮಾಡ್ಕೊಡು. ಬಟ್ಟೆ ಇಡೋಕೆ ಜಾಗ ಬೇಕಲ್ಲ."