ಹುಲ್ಲುಬಯಲಿನ ಕಲ್ಲುಬಾನಿ

ನಾನು ಒಂದು ಕಲ್ಲುಬಾನಿ. ದನಗಳು ನೀರು ಕುಡಿಯಲೆಂದು ಬಾವಿಯ ಪಕ್ಕ ಇಡುವ ತೊಟ್ಟಿ. ಅದಕ್ಕೂ ಮೊದಲು ಕಾವಲಿನ ದಿಣ್ಣೆಯೊಂದರಲ್ಲಿ ಬಂಡೆಯಾಗಿ ಮಲಗಿದ್ದೆ. ಕಾವಲೆಂದರೆ ಕಾಡಲ್ಲ, ಹೊಲವೂ ಅಲ್ಲ. ಕಣ್ಣು ಹಾಯುವವರೆಗೂ ಹುಲ್ಲು. ಮಳೆ ಬಿದ್ದರೆ ಸೊಂಟದುದ್ದ ಹಸಿರು, ಬೇಸಿಗೆಯಲ್ಲಿ ಒಣಗಿ ಗಲಗಲ ಎನ್ನುವ ಹಳದಿ. ಮರವೆಂದರೆ ಅಲ್ಲೊಂದು ಇಲ್ಲೊಂದು ಜಾಲಿ.

ಅಲ್ಲಿಗೆ ದನ ಹೊಡೆದುಕೊಂಡು ಬಂದವರು ಸೂರಯ್ಯ, ಅವನ ತಮ್ಮ ಕಾಟಯ್ಯ, ಮತ್ತು ಅವರ ಹೆಂಡಿರು. ಹುಲ್ಲು ಮುಗಿದರೆ ಮುಂದಕ್ಕೆ ಹೋಗುವ ಜನ. ಆ ವರ್ಷ ಸೂರಯ್ಯನ ಹೆಂಡತಿ ಪಾಲಕ್ಕನ ಹಸುಗೂಸು ಜ್ವರ ಬಂದು ತೀರಿಕೊಂಡಿತು. ದಿಣ್ಣೆಯ ಮಗ್ಗುಲಲ್ಲೇ ಹೂಳಿದರು. ಹೊರಡುವ ಬೆಳಿಗ್ಗೆ ಪಾಲಕ್ಕ ಕೂತಲ್ಲಿಂದ ಏಳಲಿಲ್ಲ.

“ನೀವು ಹೋಗ್ರಿ. ಮಗೀನ ಒಂದ್ನೇ ಬಿಟ್ಟು ನಾನು ಬರಾಕಿಲ್ಲ.”

ಸೂರಯ್ಯ ಹೆಗಲ ಗಂಟು ಇಳಿಸಿ ಅವಳ ಪಕ್ಕ ಕೂತ. ಅಣ್ಣ ಕೂತದ್ದು ಕಂಡು ಕಾಟಯ್ಯನೂ ಕೂತ. ಅವನ ಹೆಂಡತಿ ಬೋರಮ್ಮ ಮಾತ್ರ ನಿಂತೇ ಇದ್ದಳು.

“ನಿನ್ನ ದೆಸೆಯಿಂದ ನಾವೆಲ್ಲ ಈ ಬಯಲಾಗೆ ಒಣಗಬೇಕಾ? ಸತ್ತಿದ್ದು ಎದ್ದು ಬರ್ತೈತಾ?” ಎಂದಳು.

ಅಂದಿನಿಂದ ಆ ವಾರಗಿತ್ತಿಯರ ನಡುವೆ ಮಾತು ನಿಂತುಹೋಯಿತು.

ಅಣ್ಣತಮ್ಮಂದಿರು ಬಾವಿ ತೋಡಿದರು. ತಿಪ್ಪಣ್ಣನೆಂಬ ಕಲ್ಲುಕುಟಿಗ ಬಂದು ನನ್ನ ಹೊಟ್ಟೆಯನ್ನು ಕೊರೆದು ಬಾನಿ ಮಾಡಿದ. ಬಾವಿಯ ಪಕ್ಕವೇ ಇದ್ದ ಪಾಲಕ್ಕನ ಗುಡಿಸಲಿಗೆ ಒತ್ತಿ ನನ್ನನ್ನು ಇಟ್ಟರು. ನೀರಿದ್ದಲ್ಲಿಗೆ ಇನ್ನಷ್ಟು ಜನ ಬಂದರು. ದನದ ಹಾದಿಯ ಆಚೆ ಗುಡಿಸಲುಗಳು ಎದ್ದವು. ಹೆಸರಿಲ್ಲದ ಬಯಲಿಗೆ ಬಾವಿಹಟ್ಟಿ ಎಂಬ ಹೆಸರು ಬಂತು.

ನೆಲದ ಮೇಲಿದ್ದ ನನಗೆ ಜನರ ಪಾದಗಳೇ ಹೆಚ್ಚು ಪರಿಚಯ. ಪಾಲಕ್ಕನ ಬಿರಿದ ಹಿಮ್ಮಡಿ ಒಂದು ಬದಿಗೆ, ಬೋರಮ್ಮನ ಅಗಲ ಪಾದ ಇನ್ನೊಂದು ಬದಿಗೆ. ಒಬ್ಬಳು ಸೇದಿ ಸುರಿದ ನೀರನ್ನು ಇನ್ನೊಬ್ಬಳ ದನ ಕುಡಿಯುತ್ತಿತ್ತು. ಸೂರಯ್ಯ ಹಾವು ಕಡಿದು ಸತ್ತಾಗಲೂ ಬೋರಮ್ಮ ಬಂದು ಅಡುಗೆ ಮಾಡಿಟ್ಟು, ಮಾತಾಡದೆ ಹೋದಳು.

ಒಂದು ಬೇಸಿಗೆ ಗಂಡಸರೆಲ್ಲ ದನಗಳೊಂದಿಗೆ ದೂರದ ಕೆರೆಗೆ ಹೋಗಿದ್ದರು. ಮಧ್ಯಾಹ್ನ ಪಡುವಣ ದಿಕ್ಕಿನಲ್ಲಿ ಹೊಗೆ ಕಾಣಿಸಿತು. ಗಾಳಿ ಹಟ್ಟಿಯ ಕಡೆಗೇ ಬೀಸುತ್ತಿತ್ತು. ಮೊಲಗಳು, ಕೌಜುಗಗಳು ನನ್ನನ್ನು ದಾಟಿ ಓಡಿದವು. ಹಿಂದೆಯೇ ಬೆಂಕಿಯ ಸದ್ದು. ಗುಡಿಸಲುಗಳಲ್ಲಿ ಮಕ್ಕಳು, ಮುದುಕರು, ದೊಡ್ಡಿಯಲ್ಲಿ ಕರುಗಳು. ಎಲ್ಲರನ್ನೂ ಹೊತ್ತು ಓಡುವಷ್ಟು ಹೊತ್ತಿರಲಿಲ್ಲ.

ಪಾಲಕ್ಕ ಒಲೆಯಿಂದ ಕೊಳ್ಳಿ ತಂದಳು.

“ಹಾದಿ ಅಂಚಿನ ಹುಲ್ಲಿಗೆ ನಾವೇ ಹಚ್ಚಾನ. ಆ ಬೆಂಕಿ ಬರೋ ಹೊತ್ಗೆ ಅದಕ್ಕೆ ತಿನ್ನಾಕೆ ಏನೂ ಉಳೀಬಾರ್ದು.”

ಹೆಂಗಸರು ಬೆಚ್ಚಿದರು. ಬೋರಮ್ಮ ಓಡಿ ಬಂದು ಅವಳ ತೋಳು ಹಿಡಿದಳು.

“ಅಕ್ಕಾ, ನಿನ್ನ ಗುಡ್ಲು ಹಾದಿಯಿಂದ ಈಚೆಗೆ, ಬೆಂಕಿ ಕಡೀಗೈತೆ!”

ಎಷ್ಟೋ ವರ್ಷಗಳ ಮೇಲೆ ಅವಳ ಬಾಯಿಂದ ‘ಅಕ್ಕಾ’ ಬಂದಿತ್ತು. ಪಾಲಕ್ಕ ಅರೆಗಳಿಗೆ ಅವಳ ಮುಖ ನೋಡಿದಳು.

“ಕಂಡೀನಿ ಕಣೇ. ನೀನು ಕಂಬ್ಳಿ ತೋಯ್ಸು.”

ಬೋರಮ್ಮ ಕಂಬಳಿಗಳನ್ನು ನನ್ನೊಳಗೆ ಅದ್ದಿ ಅದ್ದಿ ಕೊಟ್ಟಳು. ಹೆಂಗಸರು ಹಾದಿಯಲ್ಲಿ ಸಾಲಾಗಿ ನಿಂತು, ಆಚೆಗೆ ಹಾರಿದ ಕಿಡಿಗಳನ್ನು ಬಡಿದು ಆರಿಸಿದರು. ಪಾಲಕ್ಕ ಹಚ್ಚಿದ ಬೆಂಕಿ ಗಾಳಿಗೆ ಎದುರಾಗಿ ಮೆಲ್ಲಗೆ ತೆವಳಿ ಮೊದಲು ಅವಳ ಗುಡಿಸಲನ್ನೇ ಹಿಡಿಯಿತು. ಉರಿಯುವ ತೊಲೆ ನನ್ನ ಮೇಲೆ ಬಿತ್ತು. ದೊಡ್ಡ ಬೆಂಕಿ ಬಂದಾಗ ನೆಲ ಆಗಲೇ ಕರಿಯಾಗಿತ್ತು. ಅದು ಅಲ್ಲೇ ಸತ್ತಿತು.

ಕೆಂಡ ಆರಿಸಲು ಯಾರೋ ತಣ್ಣೀರು ಎರಚಿದರು. ಕಾದಿದ್ದ ನಾನು ಅಂಚಿನಿಂದ ಅಡಿಯವರೆಗೆ ಸೀಳಿದೆ. ಆ ಸದ್ದಿಗೆ ಪಾಲಕ್ಕ ತಿರುಗಿ ನೋಡಿ, ಆಗ ಅತ್ತಳು. ಬೋರಮ್ಮ ಮಸಿ ಹಿಡಿದ ಕೈಯಲ್ಲೇ ಅವಳ ಕಣ್ಣೊರೆಸಿದಳು.

“ನಡಿ ಅಕ್ಕಾ, ಮನೆಗೆ ಹೋಗಾನ.”

ಪಾಲಕ್ಕ ಮತ್ತೆ ಗುಡಿಸಲು ಕಟ್ಟಲಿಲ್ಲ. ಸಾಯುವವರೆಗೂ ಬೋರಮ್ಮನ ಒಲೆಯ ಪಕ್ಕದಲ್ಲೇ ಮಲಗಿದಳು. ಅವಳು ಹೋದ ಮೇಲೆ ಜನ ಬಾವಿಹಟ್ಟಿ ಅನ್ನುವುದನ್ನು ಬಿಟ್ಟು ಪಾಲಕ್ಕನಹಟ್ಟಿ ಅನ್ನತೊಡಗಿದರು.

ಮುಂದೆ ಕಾವಲಿಗೆ ತಂತಿಬೇಲಿ ಬಂತು. ಹಟ್ಟಿಯವರಿಗೆ ರಸ್ತೆಬದಿಯಲ್ಲಿ ಸಿಮೆಂಟಿನ ಮನೆಗಳಾದವು. “ಸೀಳಿದ ಬಾನಿ ಯಾತಕ್ಕೆ?” ಎಂದು ಗೊಣಗುತ್ತಲೇ ಬೋರಮ್ಮನ ಮಗ ನನ್ನನ್ನು ಟ್ರ್ಯಾಕ್ಟರಿಗೆ ಏರಿಸಿದ. ಈಗ ಅವರ ಮನೆಯ ಮುಂದೆ, ಬೀದಿಯ ಮಗ್ಗುಲಲ್ಲಿ ಬೋರಲು ಬಿದ್ದಿದ್ದೇನೆ. ನೀರು ನಿಲ್ಲದ ನಾನು ಕೂರಲು ಮಾತ್ರ ಆಗುತ್ತೇನೆ. ಮುಪ್ಪಿನ ಬೋರಮ್ಮ ಸಂಜೆ ನನ್ನ ಮೇಲೆ ಬಂದು ಕೂರುತ್ತಾಳೆ. ದಣಿದವರ ಭಾರ ಹೊರುವುದಕ್ಕೂ ಒಂದು ಕಲ್ಲು ಬೇಕಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಮೊನ್ನೆ, ಹೊಸದಾಗಿ ಬಂದ ಮೊಮ್ಮಗನ ಹೆಂಡತಿ ಅವಳ ಬಳಿ ಕೂತು ಬೀದಿಯುದ್ದಕ್ಕೂ ಕಣ್ಣು ಹಾಯಿಸಿದಳು.

“ಪಾಲಕ್ಕನಹಟ್ಟಿ ಅಂತಾರಲ್ಲ ಅಜ್ಜಿ, ಇದ್ರಾಗೆ ಪಾಲಕ್ಕನ ಮನೆ ಯಾವ್ದು?”

ಬೋರಮ್ಮ ನನ್ನ ಸೀಳಿನ ಮೇಲೆ ಬೆರಳಾಡಿಸಿದಳು.

“ಅವಳದ್ದು ಅಂತ ಮನೆ ಇಲ್ಲ ಕಣಮ್ಮ,” ಎಂದಳು. “ನಮಗೆಲ್ಲ ಇರ್ಲಿ ಅಂತ ತನ್ನದನ್ನ ಸುಟ್ಕಂಡ್ಲು.”